ತಣ್ಣೀರಿನ ಲೆಕ್ಕ

ಜುಲೈ 8, ಮಂಗಳವಾರ

ಲೊರೆಟ್ಟಾ ಬಾಯ್ಸಿಗೆ ಹೊರಡುವಾಗ ಈ ಪುಸ್ತಕ ಕೊಟ್ಟು ಹೋದಳು. ಮದುವೆಯಾದಾಗಿನಿಂದ ಊಟದ ಹೊತ್ತಿಗೆ ಜಲಾಶಯದ ಕಥೆ ಕೇಳಿ ಕೇಳಿ ಅವಳ ಕಿವಿ ತೂತಾಗಿದೆಯಂತೆ. ಅಕ್ಕನ ಮನೆಯಿಂದ ವಾಪಸು ಬರುವ ತನಕ ಇದಕ್ಕೇ ಹೇಳಿಕೊಳ್ಳಬೇಕಂತೆ. ಹೆಂಡತಿ ತಮಾಷೆಗೆ ಹೇಳಿದ್ದನ್ನೂ ನಾನು ಆಜ್ಞೆಯೆಂದೇ ತಿಳಿಯುವವನು. ಬರೆಯುತ್ತಿದ್ದೇನೆ.

ಇಂದು ದೋಣಿಯಲ್ಲಿ ಹೋಗಿ ಹಾರ್ಲೋ ಜಲಾಶಯದ ಮೈ ಮುಟ್ಟಿ ನೋಡಿದೆವು. ಅಣೆಕಟ್ಟಿನ ಮುಂದೆ ದೋಣಿ ನಿಲ್ಲಿಸಿ, ಉದ್ದದ ತಂತಿಗೆ ಕಟ್ಟಿದ ಉಷ್ಣಮಾಪಕವನ್ನು ತಳದ ತನಕ ಇಳಿಸುವುದು, ಮೀಟರಿಗೊಮ್ಮೆ ನಿಲ್ಲಿಸಿ ಅಂಕಿ ಓದುವುದು. ಬೇಸಿಗೆ ಬಂತೆಂದರೆ ಈ ನೀರು ಒಂದೇ ಮನೆಯಲ್ಲಿ ಎರಡು ಒಲೆ ಹೂಡುತ್ತದೆ. ಮೇಲೆ ಬೆಚ್ಚಗಿನ ನೀರು, ಕೆಳಗೆ ತಣ್ಣನೆಯದು. ನಡುವೆ ಗೋಡೆಯಿಲ್ಲ, ಆದರೂ ಚಳಿ ಬರುವ ತನಕ ಒಂದರ ಜೊತೆ ಒಂದು ಸೇರುವುದಿಲ್ಲ. ಕೆಳಗಿನ ತಣ್ಣೀರು ಎಷ್ಟಿದೆ, ಎಲ್ಲಿಯ ತನಕ ಬಾಳುತ್ತದೆ ಎಂದು ಹೇಳುವುದು ನನ್ನ ಕೆಲಸ. ಅದಕ್ಕಾಗಿ ಕಂಪ್ಯೂಟರಿನೊಳಗೆ ಇನ್ನೊಂದು ಹಾರ್ಲೋ ಕಟ್ಟಿಕೊಂಡಿದ್ದೇನೆ. ಬಿಸಿಲು, ಗಾಳಿ, ಹೊಳೆಯ ಹರಿವು ಇಷ್ಟನ್ನು ಉಣಿಸಿದರೆ ಆ ಮಾದರಿ ಮುಂದಿನ ತಿಂಗಳುಗಳ ನೀರನ್ನು ಈಗಲೇ ತೋರಿಸುತ್ತದೆ.

ಇಂದು ಆಳದಲ್ಲಿ ಮಾಪಕ ನನ್ನ ಮಾದರಿಗಿಂತ ಒಂದೂವರೆ ಡಿಗ್ರಿ ಕಡಿಮೆ ತೋರಿಸಿತು. ಮಾಪಕ ಕೆಟ್ಟಿದೆ. ಪರೀಕ್ಷೆಗೆ ಕಳಿಸಲು ಹೇಳಿದೆ.

ಹೊಸ ಹುಡುಗಿ ದೋಣಿಯ ಹಿಂಬದಿಯಲ್ಲಿ ಕೂತು ಬಾಟಲಿಗಳಿಗೆ ನೀರು ತುಂಬುತ್ತಿದ್ದಳು. ವಾಲ್ಟ್ ನಿವೃತ್ತನಾದ ಮೇಲೆ ನೀರಿನ ಗುಣದ ಲೆಕ್ಕವೆಲ್ಲ ಇವಳದು: ಆಮ್ಲಜನಕ, ಪಾಚಿ, ಇತ್ಯಾದಿ. ವಾಲ್ಟ್ ಬಲು ಒಳ್ಳೆಯ ಸಹೋದ್ಯೋಗಿ. ನಾನು ನೀರಿನ ಚಲನೆ, ಶಾಖ ಎಲ್ಲ ಲೆಕ್ಕ ಹಾಕಿ ಕಡತ ಅವನ ಕೈಗೆ ಕೊಡುತ್ತಿದ್ದೆ. ಅವನು ಅದರ ಮೇಲೆ ತನ್ನ ಪಾಚಿ ಬೆಳೆಸಿಕೊಳ್ಳುತ್ತಿದ್ದ. ಇಷ್ಟು ವರ್ಷದಲ್ಲಿ ಒಂದು ದಿನವೂ ನನಗೆ ಏನನ್ನೂ ತಿರುಗಿ ಹೇಳಿದವನಲ್ಲ.

ಈ ಹುಡುಗಿ, "ಮಾಪಕ ಸರಿಯಾಗಿದ್ದು, ಮಾದರಿ ತಪ್ಪಾಗಿದ್ರೆ?" ಎಂದು ಕೇಳಿದಳು. ಕೆಲಸಕ್ಕೆ ಸೇರಿ ತಿಂಗಳು ತುಂಬಿಲ್ಲ.

ಜುಲೈ 13, ಭಾನುವಾರ

ಲೊರೆಟ್ಟಾಗೆ ಫೋನ್ ಮಾಡಿದೆ. ಮಾಪಕದ ವಿಷಯ ಪೂರ್ತಿ ವಿವರಿಸಿದೆ. ಅವಳ ಅಕ್ಕ ಡೊನ್ನಾ ಸರಿಯಾಗಿ ಊಟ ಮಾಡುತ್ತಿಲ್ಲವಂತೆ. ಹೋದ ಕ್ರಿಸ್‌ಮಸ್‌ನಲ್ಲಿ ಹೊಸ ಹಲ್ಲಿನ ಸೆಟ್ಟು ಹಾಕಿಸಿಕೊಂಡಿದ್ದಳು, ಅದರ ತೊಂದರೆಯೇ ಇರಬೇಕು. ಹಾಗೆಂದು ಹೇಳಿದೆ.

ಜುಲೈ 16, ಬುಧವಾರ

ತೂಬುಗಳ ಸಭೆ. ಅಣೆಕಟ್ಟಿಗೆ ಎರಡು ತೂಬು. ಮೇಲಿನದು ತೆಗೆದರೆ ಬೆಚ್ಚನೆಯ ನೀರು, ಕೆಳಗಿನದು ತೆಗೆದರೆ ತಣ್ಣೀರು. ಹೊಳೆಯ ಕೆಳಗೆ ಡೀನ್ ಹಫ್‌ಮನ್ನನ ಮೀನುಮರಿ ಕೇಂದ್ರ ಇದೆ. ಸಮುದ್ರದಿಂದ ಹತ್ತಿ ಬಂದ ಸಾಲ್ಮನ್ ಮೀನುಗಳು ಬೇಸಿಗೆಯೆಲ್ಲ ಅವನ ಕೊಳಗಳಲ್ಲಿ ಕಾದಿದ್ದು ಸೆಪ್ಟೆಂಬರಿನಲ್ಲಿ ತತ್ತಿ ಇಡುತ್ತವೆ. ತತ್ತಿಗೆ ತಣ್ಣೀರು ಬೇಕೇ ಬೇಕು. ನನ್ನ ಮಾದರಿಯ ಪ್ರಕಾರ, ಈಗಲೇ ತಣ್ಣೀರು ಬಿಟ್ಟುಕೊಂಡು ಕೂತರೆ ಸೆಪ್ಟೆಂಬರ್ ನಡುವಿಗೆ ಬುಡ ಖಾಲಿ. ಆದ್ದರಿಂದ ಕೆಳಗಿನ ತೂಬು ಸೆಪ್ಟೆಂಬರ್ ತನಕ ಮುಚ್ಚಿರಲಿ ಎಂದು ಬರೆದುಕೊಟ್ಟೆ. ಎಲ್ಲರೂ ಒಪ್ಪಿದರು.

ಡೀನ್ ಮುಖ ಸಿಂಡರಿಸಿಕೊಂಡೇ ಒಪ್ಪಿದ. ಅವನ ಮಾತು ಫ್ಯಾರನ್‌ಹೀಟಿನಲ್ಲಿ, ನಮ್ಮದು ಸೆಲ್ಸಿಯಸ್ಸಿನಲ್ಲಿ. ಅರ್ಧ ಜಗಳ ಅಲ್ಲೇ ಹುಟ್ಟುತ್ತದೆ. ಉಳಿದರ್ಧಕ್ಕೆ ಅವನೇ ಸಾಕು.

ಜುಲೈ 21, ಸೋಮವಾರ

ಮಾಪಕ ವಾಪಸು ಬಂತು. ಏನೂ ಕೆಟ್ಟಿಲ್ಲವಂತೆ, ಜೊತೆಗೊಂದು ಪ್ರಮಾಣಪತ್ರ. ಪರೀಕ್ಷೆ ಮಾಡಿದವರು ಯಾರೋ.

ಸರಿ, ಹಾಗಾದರೆ ಗಾಳಿಯನ್ನು ಸ್ವಲ್ಪ ಇಳಿಸಿದೆ. ಗಾಳಿಯ ಮಾಪಕ ಇರುವುದು ಗುಡ್ಡದಾಚೆಯ ಪುಟ್ಟ ವಿಮಾನ ನಿಲ್ದಾಣದಲ್ಲಿ. ನಮ್ಮದು ಕಣಿವೆ, ಎರಡೂ ಕಡೆ ಫರ್ ಮರಗಳ ಗೋಡೆ, ಗಾಳಿ ಅಷ್ಟು ಬೀಸುವುದಿಲ್ಲ. ಅದಕ್ಕೇ ಅಲ್ಲಿಯ ಗಾಳಿಗೆ ಒಂದಕ್ಕಿಂತ ಕಡಿಮೆಯ ಅಂಕಿಯೊಂದನ್ನು ಗುಣಿಸಿ ಮಾದರಿಗೆ ಕೊಡುತ್ತೇನೆ. ಗಾಳಿ ಕಡಿಮೆಯಾದರೆ ಮೇಲಿನ ಬಿಸಿ ಕೆಳಗೆ ಕಲಸುವುದೂ ಕಡಿಮೆ. ಅಂಕಿ ತಗ್ಗಿಸಿದೆ, ಮಾದರಿಯ ಗೆರೆ ಮಾಪಕದ ಚುಕ್ಕೆಗಳ ಹತ್ತಿರಕ್ಕೆ ಬಂತು. ತಳದಲ್ಲಿ ಇನ್ನೂ ಸ್ವಲ್ಪ ಬಿಸಿ ಜಾಸ್ತಿ ಇದೆ, ಇರಲಿ. ಈ ಕೆಲಸದಲ್ಲಿ ಕೈಗುಣ ಅನ್ನುವುದೊಂದು ಇರುತ್ತದೆ.

ಜುಲೈ 27, ಭಾನುವಾರ

ಫೋನ್ ಲೈನು ಸರಿಯಿರಲಿಲ್ಲ. ಗಾಳಿಯ ಅಂಕಿಯ ವಿಷಯ ಹೇಳುತ್ತಿದ್ದೆ, ಆ ಕಡೆಯಿಂದ ಸದ್ದೇ ಇಲ್ಲ. ಕೇಳಿಸ್ತಾ ಇದೆಯಾ ಎಂದರೆ, ಕೇಳಿಸ್ತಾ ಇದೆ ಎಂದಳು. ಕಾಡಿಗೆ ಬೆಂಕಿ ಬಿದ್ದು ಎಲ್ಲಾದರೂ ಟವರಿಗೆ ಪೆಟ್ಟಾಗಿರಬೇಕು. ಇಲ್ಲೂ ಎರಡು ದಿನದಿಂದ ಹೊಗೆಯ ವಾಸನೆ.

ಆಗಸ್ಟ್ 5, ಮಂಗಳವಾರ

ಇಂದು ಎರಡು ಕಡೆಯಿಂದ ಪೆಟ್ಟು ತಿಂದೆ.

ಬೆಳಿಗ್ಗೆ ಡೀನ್ ಆಫೀಸಿಗೇ ಬಂದ. ಟೋಪಿ ತೆಗೆಯಲಿಲ್ಲ, ಕಾಫಿ ಮುಟ್ಟಲಿಲ್ಲ. ಮೇಲಿನ ತೂಬಿನ ಬೆಚ್ಚನೆಯ ನೀರಿಗೆ ಅವನ ಕೊಳದ ಮೀನುಗಳಿಗೆ ಕಿವಿರಿನ ರೋಗ ಹತ್ತಿದೆಯಂತೆ. ದಿನಾ ಬೆಳಿಗ್ಗೆ ಸತ್ತವನ್ನು ಬಲೆಯಲ್ಲಿ ಎತ್ತಿ ಹಾಕುವುದೇ ಕೆಲಸವಾಗಿದೆಯಂತೆ. ನಾನು ಸೆಪ್ಟೆಂಬರಿನ ತತ್ತಿಯ ಮಾತು ತೆಗೆದೆ.

"ತತ್ತಿಗೆ ಅಂತ ತಣ್ಣೀರು ಕೂಡಿಡ್ತಾ ಇದೀಯ, ಸರಿ," ಎಂದ. "ಆ ತತ್ತಿ ಇಡೋ ತಾಯಿ ಈ ತಿಂಗಳೇ ಸತ್ರೆ ಯಾರಿಗೆ ಕೊಡ್ತೀಯ ನಿನ್ನ ತಣ್ಣೀರನ್ನ?"

ಹೊಳೆಯ ಈ ಕವಲಿಗೆ ಹತ್ತಿ ಬರುವ ಮೀನಿನ ತಳಿ ಇದೊಂದೇ. ಈ ವರ್ಷದ ತತ್ತಿ ಹೋದರೆ ಮುಂದಿನ ವರ್ಷಗಳಲ್ಲಿ ಹತ್ತಿ ಬರುವ ಮೀನೂ ಹೋಯಿತು. ನನಗೂ ಅದು ಗೊತ್ತು. ಲೆಕ್ಕ ಹೀಗಿದೆ, ನಾನೇನು ಮಾಡಲಿ ಎಂದೆ.

ಅವನು ಹೋದ ಮೇಲೆ ಮಿರೆಯಾ ಕ್ವಿಂಟಾನಾ (ಹೊಸ ಹುಡುಗಿಯ ಹೆಸರು) ನನ್ನ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತಳು. ಹಳೆಯ ವರ್ಷಗಳ ನನ್ನ ಕಡತಗಳನ್ನು ನೋಡಿದ್ದಾಳೆ. ನೋಡಲು ಅನುಮತಿ ಕೇಳಿದ್ದಳಂತೆ, ನಾನು ಹೂಂ ಅಂದಿದ್ದೆನಂತೆ.

"ರಾಯ್, ಮೇಲಿನ ಕಾಡು ಸುಟ್ಟ ವರ್ಷದಿಂದ ನೀವು ಪ್ರತಿ ವರ್ಷ ಗಾಳಿ ಇಳಿಸ್ತಾ ಬಂದಿದೀರ. ಮೊದಲು ಹತ್ತರಲ್ಲಿ ಒಂಬತ್ತು ಪಾಲು ಇತ್ತು. ಈಗ ಮೂರೂವರೆ ಪಾಲು. ಉಳಿದ ಗಾಳಿ ಎಲ್ಲಿಗೆ ಹೋಯ್ತು?"

ಮರಗಳು ಬೆಳೆದಿವೆ ಎಂದೆ. ಸುಟ್ಟ ಕಾಡಿನಲ್ಲಿ ಮರ ಬೆಳೆದಿದೆ ಎಂದವನು ಬಹುಶಃ ನಾನೊಬ್ಬನೇ. ಅವಳು ನಗಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಅವಳ ವಾದ ಇದು. ಕಾಡು ಸುಟ್ಟ ಮೇಲೆ ಮಳೆಗೆ ಬೂದಿಯೆಲ್ಲ ತೊಳೆದು ಬಂದು ಜಲಾಶಯಕ್ಕೆ ಗೊಬ್ಬರವಾಯಿತು, ಪಾಚಿ ಹೆಚ್ಚಿತು. ಪಾಚಿ ನೀರಿಗೆ ಕೊಡೆ ಹಿಡಿದ ಹಾಗೆ. ಬಿಸಿಲನ್ನು ಮೇಲೆಯೇ ಹಿಡಿದುಕೊಳ್ಳುತ್ತದೆ, ಕೆಳಗೆ ಬಿಡುವುದಿಲ್ಲ. ನನ್ನ ಮಾದರಿಗೆ ಪಾಚಿಯ ಸುದ್ದಿಯೇ ಗೊತ್ತಿಲ್ಲ. ಅದರಲ್ಲಿ ನೀರು ಇಂದಿಗೂ ಹಳೆಯ ಕಾಲದ ತಿಳಿನೀರು, ಬಿಸಿಲು ಸಲೀಸಾಗಿ ಆಳಕ್ಕೆ ಇಳಿಯುತ್ತದೆ, ತಳ ಬಿಸಿಯಾಗುತ್ತದೆ. ಆ ತಪ್ಪನ್ನು ನಾನು ಗಾಳಿ ಇಳಿಸಿ ಮುಚ್ಚುತ್ತಾ ಬಂದಿದ್ದೇನಂತೆ. ಆದ್ದರಿಂದ ಎರಡು ಮಾದರಿಗಳನ್ನೂ ಒಟ್ಟಿಗೆ ಓಡಿಸಬೇಕು, ಗಂಟೆಗಂಟೆಗೂ ನನ್ನದು ಅವಳದಕ್ಕೆ ಶಾಖ, ಹರಿವು ಕೊಡಬೇಕು, ಅವಳದು ನನ್ನದಕ್ಕೆ ಪಾಚಿ ಎಷ್ಟಿದೆ ಎಂದು ತಿರುಗಿ ಹೇಳಬೇಕು.

ನೀರಿನ ಚಲನೆ ಭೌತಶಾಸ್ತ್ರ. ಅದು ಪಾಚಿಯನ್ನು ಕೇಳಿಕೊಂಡು ನಡೆಯುವುದಿಲ್ಲ. ಹಾಗೆಯೇ ಹೇಳಿದೆ.

ಪಿಕಪ್ಪಿನಲ್ಲಿ ಕೂತು ಸ್ಯಾಂಡ್‌ವಿಚ್ ತಿಂದೆ. ರುಚಿಸಲಿಲ್ಲ.

ಆಗಸ್ಟ್ 7, ಗುರುವಾರ

ಮತ್ತೆ ದೋಣಿ. ಹೊಗೆ ಸ್ವಲ್ಪ ಹರಿದಿತ್ತು. ಮಧ್ಯಾಹ್ನಕ್ಕೆ ಕಣಿವೆಯಲ್ಲಿ ಗಾಳಿ ಎದ್ದಿತು, ಈ ತಿಂಗಳಲ್ಲಿ ದಿನಾ ಏಳುವಂಥದ್ದೇ. ಅಲೆಗಳ ತಲೆ ಬೆಳ್ಳಗಾದವು. ದೋಣಿ ತಿರುಗಿಸುತ್ತಿದ್ದಾಗ ನನ್ನ ಟೋಪಿ ಹಾರಿ ನೀರಿಗೆ ಬಿತ್ತು. ಲೊರೆಟ್ಟಾ ಕೊಡಿಸಿದ ಟೋಪಿ.

ಮಿರೆಯಾ ಅದು ತೇಲಿ ಹೋಗುವುದನ್ನೇ ನೋಡುತ್ತ, "ಇದರಲ್ಲಿ ಮೂರೂವರೆ ಪಾಲು ಗಾಳಿ ಮಾತ್ರ ನಿಜ, ಅಲ್ವಾ?" ಎಂದಳು.

ಟೋಪಿ ಹಿಡಿಯಲು ದೋಣಿ ತಿರುಗಿಸಿದೆ. ಸಿಕ್ಕಲಿಲ್ಲ.

ಮರೆಯ ಕೊಲ್ಲಿಗೆ ಹೋಗಿ ಅವಳು ಕಪ್ಪು ಬಿಳುಪು ಬಳಿದ ತಟ್ಟೆಯನ್ನು ನೀರಿಗೆ ಇಳಿಸಿದಳು. ಕಣ್ಣಿಗೆ ಕಾಣದಾಗುವ ತನಕ ಇಳಿಸಿ, ನೀರು ಎಷ್ಟು ತಿಳಿ ಎಂದು ನೋಡುವ ತಟ್ಟೆ ಅದು. ಬಹಳ ಹಿಂದೆ ನಾನೇ ಇಳಿಸುತ್ತಿದ್ದಾಗ ಹಗ್ಗ ಬಿಡುತ್ತ ಬಿಡುತ್ತ ತೋಳು ನೋಯುತ್ತಿತ್ತು. ಇಂದು ಅವಳು ಹಗ್ಗ ನನ್ನ ಕೈಗೆ ಕೊಟ್ಟಳು. ಒಂದು ಮೊಳ ಹಗ್ಗ ಬಿಡುವ ಮೊದಲೇ ತಟ್ಟೆ ಮಾಯವಾಯಿತು. ಹಸಿರು, ಬಟಾಣಿ ಸಾರಿನ ಹಾಗೆ. ಮೇಲೆತ್ತಿ ಇನ್ನೊಮ್ಮೆ ಇಳಿಸಿದೆ. ಅಷ್ಟೇ.

ನಾನು ಇಪ್ಪತ್ತು ವರ್ಷದಿಂದ ಈ ದೋಣಿಯಲ್ಲಿ ಮಾಪಕದ ಪರದೆಯನ್ನೇ ನೋಡುತ್ತ ಕೂತವನು. ನೀರಿನ ಬಣ್ಣ ಯಾವಾಗ ಹೀಗಾಯಿತೋ ಕಾಣೆ.

ಆಗಸ್ಟ್ 8, ಶುಕ್ರವಾರ

ಬೆಳಿಗ್ಗೆ ಗಾಳಿಯ ಅಂಕಿಯನ್ನು ಹಳೆಯ ಒಂಬತ್ತು ಪಾಲಿಗೆ ಏರಿಸಿದೆ. ಯಾರಿಗೂ ಹೇಳಲಿಲ್ಲ.

ಆಗಸ್ಟ್ 10, ಭಾನುವಾರ

ಟೋಪಿಯ ಕಥೆ ಹೇಳಿದೆ. ಲೊರೆಟ್ಟಾ ನಕ್ಕಳು. ಅವಳು ನಕ್ಕದ್ದು ಕೇಳಿ ಎಷ್ಟು ದಿನವಾಗಿತ್ತು ಎಂದು ಆಗ ಹೊಳೆಯಿತು. ಆಮೇಲೆ ಡೊನ್ನಾಳನ್ನು ನೋಡಿಕೊಳ್ಳಲು ಬೆಳಿಗ್ಗೆ ಒಬ್ಬ ನರ್ಸ್ ಬರುತ್ತಿದ್ದಾಳೆ ಎಂದಳು. ಹಲ್ಲಿಗೆ ನರ್ಸ್ ಯಾಕೆ ಎಂದು ಕೇಳಬೇಕೆನ್ನಿಸಿತು. ಅಷ್ಟರಲ್ಲಿ ಅವಳೇ, ಒಲೆ ಮೇಲೆ ಏನೋ ಇದೆ ಎಂದು ಇಟ್ಟಳು.

ಆಗಸ್ಟ್ 13, ಬುಧವಾರ

ಮಿರೆಯಾ ಹೇಳಿದ ಹಾಗೆಯೇ ಎರಡು ಮಾದರಿಗಳನ್ನು ಜೋಡಿಸುವ ಕೆಲಸ ನಡೆದಿದೆ. ಒಂದರ ಭಾಷೆ ಇನ್ನೊಂದಕ್ಕೆ ಬರುವುದಿಲ್ಲ. ನನ್ನದರಲ್ಲಿ ನೀರು ಮೇಲಿಂದ ಕೆಳಗೆ ಪದರ ಪದರ, ಅವಳದರಲ್ಲಿ ಪದರಗಳ ಎಣಿಕೆ ತಳದಿಂದ ಮೇಲಕ್ಕೆ. ಮೊದಲ ಸಲ ಓಡಿಸಿದಾಗ ಪಾಚಿಯೆಲ್ಲ ಕತ್ತಲ ತಳದಲ್ಲಿ ಬೆಳೆದು ಕೂತಿತು, ಬಿಸಿಲು ಮೇಲೆ ಒಬ್ಬಂಟಿ. ಇಬ್ಬರೂ ನಕ್ಕೆವು. ನಂಬುವುದು ಕಷ್ಟ, ನಾನೂ ನಕ್ಕೆ.

ಊಟಕ್ಕೆ ಅವಳ ಅಮ್ಮ ಯಾಕಿಮಾದಿಂದ ಕಳಿಸಿದ ಟಮಾಲೆ ಇತ್ತು, ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ್ದು. ಅವರದು ಸೇಬಿನ ತೋಟಗಳಲ್ಲಿ ಹಣ್ಣು ಬಿಡಿಸುತ್ತಿದ್ದ ಕುಟುಂಬ. ತೋಟದ ಕಾಲುವೆಯಲ್ಲಿ ಯಾವ ದಿನ ಈಜಬಾರದು ಎಂದು ಅಮ್ಮ ನೀರಿನ ವಾಸನೆ ನೋಡಿ ಹೇಳುತ್ತಿದ್ದಳಂತೆ, ಅದರಿಂದಲೇ ತನಗೆ ಈ ವಿದ್ಯೆಯ ಹುಚ್ಚು ಹಿಡಿದದ್ದಂತೆ. ನಾನು ಎರಡು ತಿಂದೆ. ಮೂರನೆಯದನ್ನೂ ತಿಂದೆ.

ಆಗಸ್ಟ್ 14, ಗುರುವಾರ

ನಿನ್ನೆ ಸಂಜೆ ಓಡಲು ಬಿಟ್ಟದ್ದು ಇಂದು ಬೆಳಿಗ್ಗೆ ಮುಗಿದಿತ್ತು. ಇಬ್ಬರೂ ಕಾಫಿ ಹಿಡಿದು ಒಂದೇ ಪರದೆಯ ಮುಂದೆ ಕೂತೆವು.

ಜುಲೈನ ಮಾಪಕದ ಚುಕ್ಕೆಗಳ ಮೇಲೆ ಗೆರೆ ಸುಮ್ಮನೆ ಹಾದು ಹೋಯಿತು. ತಳದಲ್ಲೂ. ಗಾಳಿಯನ್ನು ಹಳೆಯ ಪಾಲಿಗೆ ತಂದದ್ದು ಬಿಟ್ಟರೆ ನಾನು ಯಾವ ಅಂಕಿಗೂ ಕೈ ಹಾಕಿರಲಿಲ್ಲ.

ಕೆಳಗೆ ತಣ್ಣೀರು ನಾನು ಹೇಳಿದ್ದಕ್ಕಿಂತ ಹೆಚ್ಚು ಇದೆ. ಇಷ್ಟೇ ಆಗಿದ್ದರೆ ಒಳ್ಳೆಯ ಸುದ್ದಿ ಎಂದು ಏಳಬಹುದಿತ್ತು. ಮಿರೆಯಾ ಆಮ್ಲಜನಕದ ಚಿತ್ರ ತೆಗೆದಳು. ಸತ್ತ ಪಾಚಿ ತಳಕ್ಕೆ ಇಳಿದು ಕೊಳೆಯುತ್ತ ಅಲ್ಲಿಯ ಆಮ್ಲಜನಕ ತಿನ್ನುತ್ತಿದೆ. ಕೆಳಗಿನ ತೂಬು ಮುಚ್ಚಿಯೇ ಇದ್ದರೆ ಸೆಪ್ಟೆಂಬರ್ ಕೊನೆಗೆ ಆ ತಣ್ಣೀರಿನಲ್ಲಿ ಉಸಿರೇ ಇರುವುದಿಲ್ಲ. ನಾನು ತತ್ತಿಗಾಗಿ ಜತನ ಮಾಡುತ್ತಿರುವುದು ಹಳಸುತ್ತಿರುವ ಅನ್ನ. ಈಗಲೇ ಸ್ವಲ್ಪ ಸ್ವಲ್ಪ ಬಿಡುತ್ತಿದ್ದರೆ ಮೇಲಿನಿಂದ ಹೊಸ ನೀರು ಇಳಿದು, ಉಳಿದದ್ದು ಕೆಡದೆ ಇರುತ್ತದೆ.

ಆದರೆ ಈಗ ಗಾಳಿ ಪೂರ್ತಿ ನಿಜವಾದ ಗಾಳಿ. ಸೆಪ್ಟೆಂಬರಿನಲ್ಲಿ ಒಂದು ದೊಡ್ಡ ಬಿರುಗಾಳಿ ಬೇಗ ಬಂದರೆ ತಣ್ಣೀರಿಗೆ ಬಿಸಿ ಬೆರೆತು, ಬಿಟ್ಟದ್ದೂ ಹೋಯಿತು, ಇಟ್ಟದ್ದೂ ಹೋಯಿತು. ತೂಬು ತೆಗೆದರೆ ಈ ತಿಂಗಳ ತಾಯಿಮೀನು ಬದುಕುತ್ತದೆ. ಲೆಕ್ಕ ತಪ್ಪಿದರೆ ಸೆಪ್ಟೆಂಬರಿನಲ್ಲಿ ಇಟ್ಟ ತತ್ತಿ ಅಕ್ಟೋಬರಿನೊಳಗೆ ಸಾಯುತ್ತದೆ.

"ನೀವೇನಂತೀರ?" ಎಂದು ಅವಳು ಕೇಳಿದಳು. ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ, ಅದಕ್ಕೇ ಹಾಗೆಂದು ಬಾಯಿಬಿಟ್ಟು ಹೇಳುವುದು ಅಷ್ಟು ಕಷ್ಟವಾಗಲಿಲ್ಲ.

ಆಗಸ್ಟ್ 15, ಶುಕ್ರವಾರ

ಬಿರುಗಾಳಿ ಬರಬಹುದು, ಬಾರದಿರಬಹುದು, ಮೀನು ಸಾಯುತ್ತಿರುವುದು ಈಗಲೇ; ಕೆಳಗಿನ ತೂಬು ತೆಗೆಯುವುದು ಎಂದಾಯಿತು. ಕಾಗದದ ಮೇಲೆ ರುಜು ನನ್ನದು. ಹಿರಿಯನದು ಇರಬೇಕಂತೆ.

ಸಭೆಯಲ್ಲಿ ಮೇಲಿನವರು, ತಿಂಗಳ ಹಿಂದೆ ಬೇಡ ಅಂದವರು ಈಗ ಬೇಕು ಅನ್ನುತ್ತೀರಲ್ಲ ಎಂದರು. ತಿಂಗಳ ಹಿಂದಿನದು ಅರ್ಧ ಲೆಕ್ಕ, ಇದು ನಮ್ಮಿಬ್ಬರ ಲೆಕ್ಕ ಎಂದೆ. ಡೀನ್ ಮೊದಲ ಸಲ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಹೊರಗೆ ಬಂದಾಗ ನನ್ನ ಬೋಳುತಲೆ ನೋಡಿ, "ನಿನ್ನ ಟೋಪಿ ಎಲ್ಲಯ್ಯ?" ಎಂದ. ಗಾಳಿಗೆ ಹೋಯಿತು ಎಂದೆ.

ಆಗಸ್ಟ್ 24, ಭಾನುವಾರ

ಡೀನ್‌ನ ಕೊಳದ ನೀರು ತಣ್ಣಗಾಗಿದೆ. ಸಾಯುವುದು ನಿಂತಿದೆ. ನನಗೆ ಮಾತ್ರ ನಿದ್ದೆಯ ಸುಖವಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ಕಿಟಕಿಯ ಹೊರಗೆ ಫರ್ ಮರದ ತುದಿ ಅಲ್ಲಾಡುತ್ತಿದೆಯೇ ಎಂದು ನೋಡುತ್ತೇನೆ.

ಲೊರೆಟ್ಟಾಗೆ ಫೋನ್ ಮಾಡಿ ಇದನ್ನೇ ಹೇಳಿದೆ. ಭಯವಾಗುತ್ತಿದೆ ಎಂದೂ ಹೇಳಿದೆ. ಅವಳು, "ನನಗೂ ಕಣೋ," ಎಂದಳು. ಮೀನಿನ ವಿಷಯದಲ್ಲಿ ಅವಳಿಗೆ ಅಷ್ಟು ಕಾಳಜಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಸೆಪ್ಟೆಂಬರ್ 7, ಭಾನುವಾರ

ಇಂದು ಫೋನ್ ಮಾಡಿದಾಗ ಜಲಾಶಯದ ಸುದ್ದಿ ಹೆಚ್ಚೇನೂ ಇರಲಿಲ್ಲ. ಹೇಳಲು ಏನೂ ಇಲ್ಲದೆ, ಆ ಕಡೆ ಏನು ನಡೀತಿದೆ ಎಂದು ಕೇಳಿದೆ. ಮೊದಲು ಏನೂ ಇಲ್ಲ ಎಂದಳು. ಇನ್ನೊಮ್ಮೆ ಕೇಳಿದೆ.

ಡೊನ್ನಾಗೆ ಹಲ್ಲಿನ ತೊಂದರೆಯಲ್ಲ. ಹೊಟ್ಟೆಯೊಳಗಿನ ಕ್ಯಾನ್ಸರ್, ಯಕೃತ್ತಿಗೆ ಹಬ್ಬಿದೆ. ಡಾಕ್ಟರು ಜೂನಿನಲ್ಲೇ ಹೇಳಿದ್ದಾರೆ. ಲೊರೆಟ್ಟಾ ನನಗೆ ಜುಲೈನಲ್ಲೇ ಹೇಳಲು ನೋಡಿದ್ದಳಂತೆ.

"ನೀನು ಹಲ್ಲು ಅಂದುಬಿಟ್ಟೆ," ಎಂದಳು. "ನನಗೂ ಅದು ಹಲ್ಲೇ ಆಗಿರಲಿ ಅನ್ನಿಸ್ತು. ಅದಕ್ಕೇ ಮತ್ತೆ ಹೇಳಲಿಲ್ಲ."

ಜುಲೈನಲ್ಲಿ ಸದ್ದೇ ಇಲ್ಲ ಅಂದುಕೊಂಡ ದಿನವೂ ಲೈನು ಚೆನ್ನಾಗಿಯೇ ಇತ್ತು. ಇಂದು ಅವಳು ಮಾತಾಡಿದಳು, ತುಂಬಾ ಹೊತ್ತು: ಡೊನ್ನಾ ಯಾವ ಸೂಪು ಕುಡಿಯುತ್ತಾಳೆ, ಯಾವುದು ವಾಸನೆಗೇ ಬೇಡವೆನ್ನುತ್ತಾಳೆ, ಇಬ್ಬರೂ ಚಿಕ್ಕವರಿದ್ದಾಗ ಹಂಚಿಕೊಂಡ ಒಂದೇ ಮಂಚ, ಈಗ ಅದೇ ರೀತಿ ಪಕ್ಕದಲ್ಲಿ ಮಲಗುವುದು. ಒಲೆಯ ಮೇಲಿಟ್ಟ ನನ್ನ ಬೀನ್ಸ್ ಸೀದು ಹೋಯಿತು. ನಾನು ಅತ್ತುಬಿಟ್ಟೆ. ಬರೆಯಲು ನಾಚಿಕೆ ಇಲ್ಲ, ಇದನ್ನು ಯಾರೂ ಓದುವುದಿಲ್ಲ.

ಈಗಲೇ ಬರುತ್ತೇನೆ ಎಂದೆ. "ತತ್ತಿ ಮುಗಿಸ್ಕೊಂಡು ಬಾ," ಎಂದಳು. "ಅರ್ಧಕ್ಕೆ ಬಿಟ್ಟು ಬಂದ್ರೆ ನೀನು ಇಲ್ಲಿ ಕಿಟಕಿ ಹತ್ರ ನಿಂತು ಗಾಳಿ ನೋಡ್ತಾ ಇರ್ತೀಯ. ಅದೂ ನನಗೆ ಬೇಡ."

ಸೆಪ್ಟೆಂಬರ್ 8, ಸೋಮವಾರ

ಮಿರೆಯಾಗೆ ಹೇಳಿದೆ. ಆಫೀಸಿನಲ್ಲಿ ಮನೆಯ ಮಾತು ಆಡಿದ್ದು ಇದೇ ಮೊದಲು ಇರಬೇಕು. ಅವಳು ಸಮಾಧಾನದ ಮಾತೇನೂ ಹೇಳಲಿಲ್ಲ. ಡೊನ್ನಾ ಏನು ತಿನ್ನುತ್ತಾಳೆ ಎಂದು ಕೇಳಿದಳು. ನನಗೆ ಗೊತ್ತಿತ್ತು, ಹೇಳಿದೆ.

ಸೆಪ್ಟೆಂಬರ್ 19, ಶುಕ್ರವಾರ

ಬಂತು. ನಿನ್ನೆ ಮಧ್ಯಾಹ್ನದಿಂದ ಗಾಳಿ. ಊರಲ್ಲಿ ಕರೆಂಟು ಹೋಗಿದೆ, ರಸ್ತೆಗೆ ಎರಡು ಮರ ಬಿದ್ದಿವೆ. ಡೀನ್ ಈ ವಾರವಷ್ಟೇ ತತ್ತಿ ತೆಗೆದು ತಟ್ಟೆಗಳಿಗೆ ಹಾಕಿದ್ದಾನೆ, ನೀರು ಅವುಗಳ ಮೇಲೆ ಹರಿಯುತ್ತಿದೆ. ದೋಣಿ ಇಳಿಸುವ ಹಾಗಿಲ್ಲ. ಆಫೀಸಿನಲ್ಲಿ ಇಬ್ಬರೂ ಕೈಕಟ್ಟಿ ಕೂತೆವು.

ಹಳೆಯ ಮಾದರಿಯಲ್ಲಿ ಈ ಗಾಳಿ ಮೂರೂವರೆ ಪಾಲಾಗಿರುತ್ತಿತ್ತು, ನಾನು ಆರಾಮವಾಗಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದೆ.

ಸೆಪ್ಟೆಂಬರ್ 21, ಭಾನುವಾರ

ಗಾಳಿ ನಿಂತಿದೆ. ರಜೆಯ ದಿನವಾದರೂ ದೋಣಿ ಇಳಿಸಿದೆವು. ಮಿರೆಯಾ ತಂತಿ ಬಿಟ್ಟಳು, ನಾನು ಓದಿದೆ. ಮೇಲಿನ ಬೆಚ್ಚನೆಯ ಪದರ ಮೂರು ಮೀಟರು ಕೆಳಗೆ ಇಳಿದಿದೆ, ತಣ್ಣೀರಿನ ನೆತ್ತಿ ತಿಂದಿದೆ. ಆದರೆ ಕೆಳಗಿನ ತೂಬಿನ ಎತ್ತರದಲ್ಲಿ ನೀರು ಇನ್ನೂ ತಣ್ಣಗಿದೆ, ಆಮ್ಲಜನಕವೂ ಇದೆ. ಎಷ್ಟು ದಿನ ಬಾಳುತ್ತದೆ? ಜೋಡಿ ಮಾದರಿ ಅಕ್ಟೋಬರ್ ಮಧ್ಯ ಎನ್ನುತ್ತದೆ. ಡೀನ್‌ಗೆ ಬೇಕಾಗಿರುವುದೂ ಅಷ್ಟೇ, ಒಂದು ದಿನ ಹೆಚ್ಚಿಲ್ಲ.

ದೋಣಿಯಿಂದಲೇ ಲೊರೆಟ್ಟಾಗೆ ಫೋನ್ ಮಾಡಿದೆ. ಮೊದಲು ಡೊನ್ನಾ ಹೇಗಿದ್ದಾಳೆ ಎಂದು ಕೇಳಿದೆ. ನಿನ್ನೆ ಎರಡು ಚಮಚ ಹಕಲ್‌ಬೆರಿ ಐಸ್‌ಕ್ರೀಮ್ ತಿಂದಳಂತೆ. ಇಂದಿನ ದಿನದ ಒಳ್ಳೆಯ ಅಂಕಿ ಅದೇ.

ಅಕ್ಟೋಬರ್ 4, ಶನಿವಾರ

ನೀರು ಕಾಲು ಡಿಗ್ರಿ ಏರಿದೆ. ಡೀನ್ ದಿನಾ ಫೋನ್ ಮಾಡುತ್ತಾನೆ. ಈಗ ಸೆಲ್ಸಿಯಸ್ಸಿನಲ್ಲೇ ಮಾತಾಡುತ್ತಾನೆ. ನಾನು ಫ್ಯಾರನ್‌ಹೀಟಿನಲ್ಲಿ ಉತ್ತರಿಸುತ್ತೇನೆ.

ಅಕ್ಟೋಬರ್ 15, ಬುಧವಾರ

ಡೀನ್ ಬಾ ಎಂದು ಕರೆದ. ಮಿರೆಯಾ, ನಾನು ಇಬ್ಬರೂ ಹೋದೆವು. ತತ್ತಿಯ ಕೋಣೆಯಲ್ಲಿ ದೀಪ ಮಂದ, ನೀರು ಹರಿಯುವ ಸದ್ದು. ಒಂದು ತಟ್ಟೆಯನ್ನು ಮೆಲ್ಲನೆ ಹೊರಗೆಳೆದು ಟಾರ್ಚ್ ಬಿಟ್ಟ. ಕಿತ್ತಳೆ ಬಣ್ಣದ ಗುಂಡುಗಳು, ಒಂದೊಂದರೊಳಗೂ ಎರಡೆರಡು ಕಪ್ಪು ಚುಕ್ಕೆ.

"ಕಣ್ಣು ಮೂಡಿದೆ," ಎಂದ. "ಇನ್ಮೇಲೆ ನೀರು ಸ್ವಲ್ಪ ಬೆಚ್ಚಗಾದ್ರೂ ತಡ್ಕೊಳ್ತಾವೆ. ಗೆದ್ರಿ ಕಣಯ್ಯಾ ಇಬ್ಬರೂ."

ಅಷ್ಟೊಂದು ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಇಷ್ಟು ವರ್ಷ ಈ ಕಟ್ಟಡದ ಮುಂದೆ ಹಾದುಹೋಗಿದ್ದೇನೆ, ಒಳಗೆ ಬಂದದ್ದು ಮೊದಲ ಸಲ. ಬಗ್ಗಿ ನೋಡುತ್ತ ತುಂಬಾ ಹೊತ್ತು ನಿಂತಿದ್ದೆನಂತೆ, ಮಿರೆಯಾ ತೋಳು ಮುಟ್ಟಿ ಕರೆಯಬೇಕಾಯಿತು.

ಹೊರಗೆ ಡೀನ್ ಒಂದು ಪೊಟ್ಟಣ ಕೊಟ್ಟ. ಅವನ ಕೇಂದ್ರದ ಹೆಸರಿರುವ ಟೋಪಿ. ಗದ್ದಕ್ಕೆ ಬಿಗಿಯುವ ದಾರವನ್ನು ತಾನೇ ಹೊಲಿದಿದ್ದಾನೆ.

ಅಕ್ಟೋಬರ್ 17, ಶುಕ್ರವಾರ

ನನ್ನ ಮಾದರಿಯ ಬೀಗ ತೆಗೆಯುವ ಪಾಸ್‌ವರ್ಡು ಮಿರೆಯಾಗೆ ಕೊಟ್ಟೆ. ವಾಲ್ಟ್‌ಗೂ ಕೊಟ್ಟಿರಲಿಲ್ಲ. ನವೆಂಬರಿನ ಮೊದಲ ಚಳಿಗೆ ಜಲಾಶಯ ಮಗುಚುತ್ತದೆ. ಮೇಲಿನ ನೀರು ತಣ್ಣಗಾಗಿ ಭಾರವಾಗಿ ಕೆಳಗಿಳಿದು, ಎರಡು ಒಲೆಯ ಮನೆ ಒಂದೇ ಆಗುತ್ತದೆ. ಕೆಲಸಕ್ಕೆ ಸೇರಿದಾಗಿನಿಂದ ಆ ದಿನ ನಾನು ದೋಣಿಯಲ್ಲಿ ಇಲ್ಲದ ವರ್ಷವಿಲ್ಲ. ನಮ್ಮ ಮಗಳು ಹುಟ್ಟಿದ್ದೂ ಅಂಥದೇ ದಿನ, ಆಸ್ಪತ್ರೆಗೆ ಒದ್ದೆ ಬೂಟಿನಲ್ಲೇ ಹೋಗಿದ್ದೆ.

"ನೀವು ಬರೋ ತನಕ ಅದು ಕಾಯಲ್ಲ ರಾಯ್," ಎಂದಳು ಮಿರೆಯಾ.

ಕಾಯಬೇಕಾಗಿಲ್ಲ ಎಂದೆ. ನಾಳೆ ಬೆಳಿಗ್ಗೆ ಬಾಯ್ಸಿಗೆ ಹೊರಡುತ್ತೇನೆ.

ನವೆಂಬರ್ 9, ಭಾನುವಾರ, ಬಾಯ್ಸಿ

ಬಹಳ ದಿನ ಬರೆದಿಲ್ಲ. ಇಲ್ಲಿ ದಿನಗಳು ಸೂಪು, ಮಾತ್ರೆ, ಹೊದಿಕೆ ಬದಲಿಸುವುದು ಇದರಲ್ಲೇ ಕಳೆಯುತ್ತವೆ. ಡೊನ್ನಾ ಹೆಚ್ಚು ಹೊತ್ತು ನಿದ್ದೆಯಲ್ಲಿರುತ್ತಾಳೆ. ಎಚ್ಚರವಿದ್ದಾಗ ತಂಗಿಯ ಕೈ ಹಿಡಿದಿರುತ್ತಾಳೆ, ನನ್ನನ್ನು ನೋಡಿ, ನಿನ್ನ ಮೀನು ಹೇಗಿವೆಯೋ ಎನ್ನುತ್ತಾಳೆ. ತತ್ತಿಯ ಕಣ್ಣುಗಳ ಕಥೆ ಅವಳಿಗೆ ಎರಡು ಸಲ ಹೇಳಿದ್ದೇನೆ. ಎರಡು ಸಲವೂ ಅವಳೇ ಕೇಳಿದ್ದು.

ಇಂದು ಊಟವಾದ ಮೇಲೆ ಲೊರೆಟ್ಟಾ ತಟ್ಟೆ ತೊಳೆಯುತ್ತಿದ್ದಳು, ನಾನು ಒರೆಸುತ್ತಿದ್ದೆ. ಮಿರೆಯಾಳ ಫೋನ್ ಬಂತು. ಹಾರ್ಲೋ ಶುಕ್ರವಾರ ಮಗುಚಿತಂತೆ. ದೋಣಿಯಲ್ಲಿ ಡೀನನನ್ನೂ ಕರೆದುಕೊಂಡು ಹೋಗಿದ್ದಳಂತೆ, ಅವನು ಹೆದರಿ ದೋಣಿಯ ಅಂಚು ಬಿಡಲಿಲ್ಲವಂತೆ. ಆಮೇಲೆ ಡೊನ್ನಾಳ ವಿಷಯ ಕೇಳಿದಳು, ಲೊರೆಟ್ಟಾಳ ವಿಷಯ ಕೇಳಿದಳು. ಹೇಳಿದೆ. ಅವಳ ಅಮ್ಮ ಇನ್ನಷ್ಟು ಟಮಾಲೆ ಕಳಿಸಿದ್ದಾಳಂತೆ, ಇಲ್ಲಿಗೆ ಪಾರ್ಸೆಲ್ ಮಾಡುತ್ತಾಳಂತೆ.

ಫೋನ್ ಇಟ್ಟ ಮೇಲೆ ಲೊರೆಟ್ಟಾ, "ಎಷ್ಟು ಡಿಗ್ರಿಗೆ ಮಗುಚಿತಂತೆ?" ಎಂದು ಕೇಳಿದಳು.

ಕೇಳುವುದನ್ನು ಮರೆತೆ ಎಂದೆ. ಅವಳು ನಲ್ಲಿ ನಿಲ್ಲಿಸಿ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒರೆಸಲು ಇನ್ನೊಂದು ತಟ್ಟೆ ಕೊಟ್ಟಳು.